ಗೃಹನಿರ್ಮಿತ ವಿಮಾನದ ಚರಿತ್ರೆಯಲ್ಲಿ ಲಾಂಗ್-ಈಝಿ

ವಿಮಾನಯಾನದ ಚರಿತ್ರೆಯನ್ನು ಕುರಿತ ಗ್ರಂಥಗಳಲ್ಲಿ ಕಾರ್ಖಾನೆಗಳಿಗೂ ಯುದ್ಧಗಳಿಗೂ ದೊರೆತಿರುವ ಸ್ಥಾನ, ಮನೆಯ ಹಿತ್ತಲಿನಲ್ಲಿ ಅಥವಾ ಕಾರು ನಿಲ್ಲಿಸುವ ಕೊಠಡಿಯಲ್ಲಿ ಸಿದ್ಧವಾದ ವಿಮಾನಗಳಿಗೆ ದೊರೆತಿಲ್ಲ. ಅವುಗಳನ್ನು ಹವ್ಯಾಸಿಗಳ ಆಟಿಕೆಗಳೆಂದು ಬದಿಗಿರಿಸುವುದೇ ವಾಡಿಕೆ. ಆದರೆ 1980ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಸಂಯುಕ್ತ ವಸ್ತುಗಳಿಂದ ಇಡೀ ವಿಮಾನವೊಂದನ್ನು ಕಟ್ಟಲು ಮುಂದಾದಾಗ ಆಯ್ದುಕೊಂಡದ್ದು ಹೆಸರಾಂತ ಕಾರ್ಖಾನೆಯ ವಿನ್ಯಾಸವನ್ನಲ್ಲ. ಅಮೆರಿಕದ ಹವ್ಯಾಸಿ ನಿರ್ಮಾಪಕರಿಗಾಗಿ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಝಿಯನ್ನು. ಮನೆಯಲ್ಲಿ ಕಟ್ಟಲೆಂದು ಬರೆದ ನಕ್ಷೆಗೆ ಸರಕಾರಿ ಪ್ರಯೋಗಾಲಯದ ವಿಶ್ವಾಸ ದೊರೆತುದು ಹೇಗೆ, ಅಂತಹ ವಿಮಾನದ ಸುರಕ್ಷತೆಯ ಹೊಣೆ ನಕ್ಷೆ ಬರೆದವನದೋ ಕಟ್ಟಿದವನದೋ ಹಾರಿಸುವವನದೋ ಎಂಬ ಪ್ರಶ್ನೆಗಳು ಇಲ್ಲಿ ಪರಿಶೀಲನಾರ್ಹವಾಗಿವೆ.

ಈ ಪರಂಪರೆ ವಿಮಾನದಷ್ಟೇ ಹಳೆಯದು. ಬ್ರೆಜಿಲ್ ಮೂಲದ ಸಾಂತೋಸ್-ದ್ಯುಮೋಂ ತಮ್ಮ ದೆಮ್ವಾಝೆಲ್ ಎಂಬ ಪುಟ್ಟ ವಿಮಾನಕ್ಕೆ ಏಕಸ್ವಾಮ್ಯವನ್ನು ಪಡೆಯಲಿಲ್ಲ. ಅದರ ನಕ್ಷೆಗಳು 1910ರಲ್ಲಿ ಅಮೆರಿಕದ 'ಪಾಪ್ಯುಲರ್ ಮೆಕ್ಯಾನಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾದವು. 1920ರ ದಶಕದಲ್ಲಿ ಷಿಕಾಗೋದ ಎಡ್ ಹೀತ್ 'ಪ್ಯಾರಾಸಾಲ್' ವಿಮಾನವನ್ನು ಬಿಡಿಭಾಗಗಳ ಕಿಟ್ ರೂಪದಲ್ಲಿ ಮಾರಿದರು. ಅವರು 1931ರಲ್ಲಿ ಪರೀಕ್ಷಾ ಹಾರಾಟವೊಂದರಲ್ಲಿ ಮಡಿದರು. ಅವರ ಹೆಸರನ್ನು ಹೊತ್ತ ಸಂಸ್ಥೆಯೇ ಮುಂದೆ ಕೈಯಾರೆ ಜೋಡಿಸುವ ರೇಡಿಯೊ ಹಾಗೂ ಎಲೆಕ್ಟ್ರಾನಿಕ್ ಕಿಟ್‌ಗಳಿಗೆ ಲೋಕಪ್ರಸಿದ್ಧವಾಯಿತೆಂಬುದು ಸ್ವಾರಸ್ಯದ ಸಂಗತಿ.

ಫ್ರಾನ್ಸಿನ ಆನ್ರಿ ಮಿನ್ಯೆ ಅವರ ಪ್ರಸಂಗ ಇದಕ್ಕಿಂತ ಗಂಭೀರವಾದುದು. ಅವರ 'ಪೂ-ದ್ಯು-ಸಿಯೆಲ್', ಎಂದರೆ ಆಕಾಶದ ಹೇನು, 1933ರಲ್ಲಿ ಹಾರಿತು. ಮರುವರ್ಷ ಅದನ್ನು ಕಟ್ಟುವ ಕ್ರಮವನ್ನು ವಿವರಿಸುವ ಪುಸ್ತಕ ಹೊರಬಂದಿತು. ಮರದ ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲನೆಂಬುದು ಅವರ ವಾದದ ಸಾರ. ಫ್ರಾನ್ಸ್ ಮತ್ತು ಬ್ರಿಟನ್‌ಗಳಲ್ಲಿ ನೂರಾರು ಜನ ಅದನ್ನು ನಂಬಿ ಕಟ್ಟತೊಡಗಿದರು. ಮಾರಣಾಂತಿಕ ಅಪಘಾತಗಳು ಮರುಕಳಿಸಿದಾಗ ಎರಡೂ ದೇಶಗಳು ವಾಯುಸುರಂಗಗಳಲ್ಲಿ ಪರೀಕ್ಷೆ ನಡೆಸಿದವು. ಒಂದರ ಹಿಂದೊಂದಿದ್ದ ಎರಡು ರೆಕ್ಕೆಗಳ ಪರಸ್ಪರ ಪ್ರಭಾವದಿಂದ, ಮೂತಿ ತಗ್ಗಿಸಿ ಧುಮುಕಿದ ವಿಮಾನವನ್ನು ಮೇಲೆತ್ತಲು ಚಾಲಕನಿಗೆ ಸಾಧ್ಯವಾಗದ ಸ್ಥಿತಿ ಬರುತ್ತದೆಂದು ಅವು ತೋರಿಸಿದವು. ಕಟ್ಟಿದವರ ಕೈಕೆಲಸ ಎಷ್ಟೇ ಅಚ್ಚುಕಟ್ಟಾಗಿದ್ದರೂ ದೋಷ ನಕ್ಷೆಯಲ್ಲಿಯೇ ಅಡಗಿತ್ತು. ಗೃಹನಿರ್ಮಿತ ವಿಮಾನವನ್ನು ಕುರಿತ ಅಧಿಕಾರಿಗಳ ಶಂಕೆಗೆ ಈ ಘಟನಾವಳಿ ಬಹುಕಾಲ ಆಧಾರವಾಯಿತು.

ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದಲ್ಲಿ ಬೇರೊಂದು ವ್ಯವಸ್ಥೆ ರೂಪುಗೊಂಡಿತು. 1953ರಲ್ಲಿ ಪಾಲ್ ಪೊಬೆರೆಝ್ನಿ ವಿಸ್ಕಾನ್ಸಿನ್‌ನಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಅನ್ನು ಸ್ಥಾಪಿಸಿದರು. 'ಪ್ರಾಯೋಗಿಕ' ಎಂಬ ವರ್ಗದಲ್ಲಿ ನೋಂದಣಿ ಪಡೆಯುವ ಹವ್ಯಾಸಿ ವಿಮಾನದ ಪ್ರಧಾನ ಭಾಗವನ್ನು ವ್ಯಕ್ತಿಗಳು ತಮ್ಮ ಶಿಕ್ಷಣ ಅಥವಾ ವಿನೋದಕ್ಕಾಗಿ ತಾವೇ ನಿರ್ಮಿಸಿರಬೇಕೆಂಬುದು ಅಲ್ಲಿನ ನಿಯಮ. ಜನರ ಬಾಯಲ್ಲಿ ಇದು 'ಶೇ. 51ರ ನಿಯಮ' ಎಂದೇ ಪ್ರಸಿದ್ಧ. ವಿನ್ಯಾಸವನ್ನು ಸರಕಾರ ಪ್ರಮಾಣೀಕರಿಸುವುದಿಲ್ಲ. ಅದರ ಅರಿವಿನೊಡನೆಯೇ ನಿರ್ಮಾಪಕ ಹಾರಬೇಕು. ಈ ಸ್ವಾತಂತ್ರ್ಯವಿಲ್ಲದಿದ್ದರೆ ರುಟಾನ್ ಅವರಂತಹ ವಿನ್ಯಾಸಕಾರರಿಗೆ ಎಡೆಯೇ ಇರುತ್ತಿರಲಿಲ್ಲ.

ಎಡ್ವರ್ಡ್ಸ್ ವಾಯುನೆಲೆಯಲ್ಲಿ ಹಾರಾಟ ಪರೀಕ್ಷೆಯ ಎಂಜಿನಿಯರರಾಗಿದ್ದ ರುಟಾನ್ ಕೆಲಕಾಲ ಜಿಮ್ ಬೀಡ್ ಅವರ ಸಂಸ್ಥೆಯಲ್ಲಿಯೂ ದುಡಿದರು. ಆ ಸಂಸ್ಥೆಯ ಬಿಡಿ-5 ಎಂಬ ಕಿಟ್ ವಿಮಾನಕ್ಕೆ ಸಾವಿರಾರು ಜನ ಹಣ ಕಟ್ಟಿದ್ದರು. ಎಂಜಿನ್ ಪೂರೈಸಬೇಕಾದ ಕಂಪನಿ ಮುಳುಗಿತು, ಬಳಿಕ ಬೀಡ್ ಸಂಸ್ಥೆಯೂ ದಿವಾಳಿಯಾಯಿತು; ಅನೇಕರ ಪಾಲಿಗೆ ಉಳಿದದ್ದು ಎಂಜಿನ್ ಇಲ್ಲದ ಒಡಲು ಮಾತ್ರ. 1974ರಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಸ್ವಂತ ಸಂಸ್ಥೆ ತೆರೆದ ರುಟಾನ್ ಕಿಟ್‌ಗಿಂತ ನಕ್ಷೆಯನ್ನೇ ನೆಚ್ಚಿದುದರ ಹಿಂದೆ ಈ ಅನುಭವವಿದ್ದಿರಬಹುದು. ಅವರ ವೇರಿ-ಈಝಿ 1975ರಲ್ಲಿ ಹಾರಿ, ಅದೇ ವರ್ಷ ಆಷ್‌ಕಾಷ್ ಮೇಳದಲ್ಲಿ 1,600 ಮೈಲಿಗೂ ಮಿಕ್ಕ ದೂರದ ದಾಖಲೆ ಮಾಡಿತು. ಅದರ ಹಿಗ್ಗಿಸಿದ ರೂಪವಾದ ಲಾಂಗ್-ಈಝಿ 1979ರ ಜೂನ್‌ನಲ್ಲಿ ಹಾರಿತು. ಆ ವರ್ಷದ ಡಿಸೆಂಬರಿನಲ್ಲಿ ಬರ್ಟ್ ಅವರ ಅಣ್ಣ ಡಿಕ್ ರುಟಾನ್ ಅದರಲ್ಲಿ ಎಲ್ಲಿಯೂ ಇಳಿಯದೆ ಸುಮಾರು 4,800 ಮೈಲಿ ಸುತ್ತಿದರು. 1980ರಿಂದ ನಕ್ಷೆಗಳ ಮಾರಾಟ ಆರಂಭವಾಯಿತು.

ಈ ವಿಮಾನದ ನಿಜವಾದ ನಾವೀನ್ಯ ಅದರ ವಿಚಿತ್ರ ಆಕಾರದಲ್ಲಿಲ್ಲ, ಕಟ್ಟುವ ವಿಧಾನದಲ್ಲಿದೆ. ಗಾಜುನಾರಿನ ವಸ್ತುಗಳನ್ನು ತಯಾರಿಸಲು ಸಾಮಾನ್ಯವಾಗಿ ದುಬಾರಿ ಅಚ್ಚು ಬೇಕು. ಒಂದೇ ಒಂದು ವಿಮಾನ ಕಟ್ಟುವವನಿಗೆ ಅಚ್ಚು ನಷ್ಟದ ಬಾಬತ್ತು. ರುಟಾನ್ ಅಚ್ಚನ್ನೇ ಕೈಬಿಟ್ಟರು. ಭಾರತದಲ್ಲಿ ಥರ್ಮೋಕೋಲ್ ಎಂದು ಪರಿಚಿತವಾಗಿರುವ ವಸ್ತುವಿನ ಜಾತಿಯದೇ ಆದ ಗಟ್ಟಿ ಪಾಲಿಸ್ಟೈರೀನ್ ದಿಮ್ಮಿಯ ಎರಡು ತುದಿಗಳಿಗೂ ರೆಕ್ಕೆಯ ಅಡ್ಡಕೊಯ್ತದ ಆಕಾರದ ಮಾದರಿ ಫಲಕಗಳನ್ನು ಮೊಳೆ ಹೊಡೆದು ಕೂರಿಸಬೇಕು. ವಿದ್ಯುತ್ತಿನಿಂದ ಕಾದ ತಂತಿಯನ್ನು ಇಬ್ಬರು ಆಚೀಚೆ ಹಿಡಿದು ಫಲಕಗಳ ಅಂಚಿನ ಮೇಲೆ ಎಳೆಯಬೇಕು. ಫಲಕಗಳ ಮೇಲೆ ಸಂಖ್ಯೆಗಳನ್ನು ಗುರುತಿಸಿರುತ್ತದೆ; ಒಬ್ಬ ಸಂಖ್ಯೆಯನ್ನು ಕೂಗುತ್ತಾನೆ, ಇಬ್ಬರೂ ಅದೇ ಕ್ಷಣಕ್ಕೆ ಆ ಗುರುತನ್ನು ಮುಟ್ಟಬೇಕು. ಒಬ್ಬ ಹಿಂದೆ ಬಿದ್ದರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಹೀಗೆ ಕೊಯ್ದ ತಿರುಳಿನ ಮೇಲೆ ಗಾಜುನಾರಿನ ಬಟ್ಟೆಯನ್ನು ಹಾಸಿ ಎಪಾಕ್ಸಿ ರಾಳದಿಂದ ತೋಯಿಸಿದರೆ ತಿರುಳೇ ಅಚ್ಚಿನ ಕೆಲಸ ಮಾಡಿ, ಬಳಿಕ ರಚನೆಯ ಒಳಗೇ ಉಳಿದುಬಿಡುತ್ತದೆ.

ಬಟ್ಟೆಯ ಎಳೆಗಳ ದಿಕ್ಕೇ ಇಲ್ಲಿ ಬಲದ ಲೆಕ್ಕ. ಬಾಗುವಿಕೆಯನ್ನು ತಡೆಯುವ ಎಳೆಗಳು ರೆಕ್ಕೆಯ ಉದ್ದಕ್ಕೆ ಸಾಗಬೇಕು. ತಿರುಚುವಿಕೆಯನ್ನು ತಡೆಯುವವು ಓರೆಯಾಗಿ ಸಾಗಬೇಕು. ರಾಳ ಹೆಚ್ಚಾದರೆ ತೂಕ ಏರುತ್ತದೆಯೇ ಹೊರತು ಬಲವಲ್ಲ. ಕಡಿಮೆಯಾದರೆ ಬಟ್ಟೆಯಲ್ಲಿ ಗಾಳಿ ಉಳಿದು ಬಿಳಿಯ ಚುಕ್ಕೆಗಳು ಕಾಣುತ್ತವೆ. ಗಾಜುನಾರು ತೋಯ್ದಾಗ ಪಾರದರ್ಶಕವಾಗುವುದರಿಂದ ಈ ದೋಷವನ್ನು ಬರಿಗಣ್ಣಿನಿಂದಲೇ ಹಿಡಿಯಬಹುದು. ಉಪಕರಣಗಳಿಲ್ಲದ ಹವ್ಯಾಸಿಗೆ ಇದು ಬಹು ದೊಡ್ಡ ಅನುಕೂಲ; ಕಪ್ಪಾದ ಇಂಗಾಲದ ನಾರಿನಲ್ಲಿ ಈ ಸೌಲಭ್ಯವಿಲ್ಲ. ಪೆಟ್ರೋಲು ತಗುಲಿದರೆ ಪಾಲಿಸ್ಟೈರೀನ್ ಕರಗಿಹೋಗುವುದರಿಂದ ಇಂಧನದ ತೊಟ್ಟಿಗಳಿಗೆ ಬೇರೆ ಜಾತಿಯ ಫೋಮ್ ಬಳಸಬೇಕಾಗುತ್ತದೆ. ಬಿಸಿಲಿನ ತಾಪದಲ್ಲಿ ಎಪಾಕ್ಸಿ ಮೃದುವಾಗುವುದನ್ನು ತಡೆಯಲು ಇಡೀ ವಿಮಾನಕ್ಕೆ ಬಿಳಿಯ ಬಣ್ಣವನ್ನೇ ಬಳಿಯಬೇಕು. ಎಪಾಕ್ಸಿಯಿಂದ ಚರ್ಮದ ಅಲರ್ಜಿ ಹತ್ತಿ ಅರ್ಧದಲ್ಲಿ ಕೆಲಸ ನಿಲ್ಲಿಸಿದವರೂ ಉಂಟು.

ಒಡಲು ಸಿದ್ಧವಾದೊಡನೆ ವಿಮಾನ ಸಿದ್ಧವಾದಂತಲ್ಲ. ಉಪಕರಣಗಳನ್ನು ಅಳವಡಿಸುವ ಹಂತವನ್ನು ಚರಿತ್ರೆಕಾರರು ಸಾಮಾನ್ಯವಾಗಿ ಉಪೇಕ್ಷಿಸುತ್ತಾರೆ. ನಿರ್ಮಾಪಕರು ದಾರಿ ತಪ್ಪುವುದು ಹೆಚ್ಚಾಗಿ ಅಲ್ಲಿಯೇ. ಲೋಹದ ವಿಮಾನದಲ್ಲಿ ಒಡಲೇ ವಿದ್ಯುತ್ತಿನ ಮರುಹಾದಿ. ಗಾಜುನಾರು ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದ್ದರಿಂದ ಪ್ರತಿಯೊಂದು ಉಪಕರಣಕ್ಕೂ ಮರಳುವ ತಂತಿಯನ್ನು ಪ್ರತ್ಯೇಕವಾಗಿ ಎಳೆಯಬೇಕು. ಲಾಂಗ್-ಈಝಿಯ ಎಂಜಿನ್ ಹಿಂಬದಿಯಲ್ಲಿದೆ. ತೂಕದ ಸಮತೋಲಕ್ಕಾಗಿ ಬ್ಯಾಟರಿಯನ್ನು ಮೂತಿಯಲ್ಲಿ ಇರಿಸಿದರೆ ಎಂಜಿನ್ ಚಾಲೂ ಮಾಡುವ ದಪ್ಪ ತಂತಿ ವಿಮಾನದ ಉದ್ದಕ್ಕೂ ಸಾಗಬೇಕು, ಅದರ ತೂಕವೂ ಲೆಕ್ಕಕ್ಕೆ ಸೇರಬೇಕು. ಗಾಜುನಾರು ರೇಡಿಯೊ ಅಲೆಗಳನ್ನು ತಡೆಯುವುದಿಲ್ಲವೆಂಬುದು ಮಾತ್ರ ಲಾಭದ ಸಂಗತಿ. ತಾಮ್ರದ ಪಟ್ಟಿಗಳನ್ನು ಒಡಲೊಳಗೇ ಅಂಟಿಸಿ ಆಂಟೆನಾಗಳನ್ನು ಹೊರಗೆ ಕಾಣದಂತೆ ಅಡಗಿಸಲಾಯಿತು. ಚಾಲಕ ಇಳಿದುಹೋದರೆ ಹಿಂಬದಿ ಭಾರವಾಗಿ ವಿಮಾನ ಮಗುಚಬಹುದಾದ್ದರಿಂದ ಮುಂದಿನ ಚಕ್ರವನ್ನು ಮಡಿಸಿ ಮೂತಿಯನ್ನು ನೆಲಕ್ಕೆ ಊರಿಸಿ ನಿಲ್ಲಿಸುವುದು ರೂಢಿ.

ಕನಾರ್ಡ್ ಎಂಬ ಮುಂದಿನ ಕಿರುರೆಕ್ಕೆ ಈ ವಿನ್ಯಾಸದ ರಕ್ಷಣಾಸೂತ್ರ. ವೇಗ ತೀರ ತಗ್ಗಿದಾಗ ಪ್ರಧಾನ ರೆಕ್ಕೆಗಿಂತ ಮೊದಲು ಕನಾರ್ಡ್ ತನ್ನ ಎತ್ತುಬಲವನ್ನು ಕಳೆದುಕೊಳ್ಳುತ್ತದೆ. ಮೂತಿ ತಾನೇ ತಗ್ಗಿ ವೇಗ ಮರಳುತ್ತದೆ. ಆದರೆ ಮೊದಲ ಕನಾರ್ಡಿನ ಆಕಾರಕ್ಕೆ ಒಂದು ಕೊರತೆಯಿತ್ತು. ಮಳೆಹನಿ ಅದರ ಮೇಲೆ ಕುಳಿತೊಡನೆ ಎತ್ತುಬಲ ಕುಂದಿ ಮೂತಿ ತಗ್ಗುತ್ತಿತ್ತು. ಜಾನ್ ರಾಂಝ್ ರೂಪಿಸಿದ ಹೊಸ ಆಕಾರದಿಂದ ಇದು ಪರಿಹಾರವಾಯಿತು. ಇಂತಹ ತಿದ್ದುಪಡಿಗಳು ನಿರ್ಮಾಪಕರನ್ನು ತಲಪುತ್ತಿದ್ದುದು 'ಕನಾರ್ಡ್ ಪುಷರ್' ಎಂಬ ಸುದ್ದಿಪತ್ರಿಕೆಯ ಮೂಲಕ. ನಕ್ಷೆಯಲ್ಲಿನ ತಪ್ಪುಗಳು, ಬೇರೆ ನಿರ್ಮಾಪಕರ ಅಪಘಾತಗಳು, ಕಡ್ಡಾಯ ಬದಲಾವಣೆಗಳು ಅದರಲ್ಲಿ ಮುಚ್ಚುಮರೆಯಿಲ್ಲದೆ ಅಚ್ಚಾಗುತ್ತಿದ್ದವು. ಮಿನ್ಯೆ ಅವರ ಪುಸ್ತಕಕ್ಕೂ ರುಟಾನ್ ಅವರ ನಕ್ಷೆಗೂ ಇರುವ ಪ್ರಧಾನ ವ್ಯತ್ಯಾಸ ಇದೇ ಎಂದು ಹೇಳಬಹುದು: ಮೊದಲನೆಯದು ಮುದ್ರಣವಾದಂದೇ ಮುಗಿದಿತ್ತು, ಎರಡನೆಯದು ತಿದ್ದಿಕೊಳ್ಳುತ್ತಲೇ ಇತ್ತು.

ಆದರೆ ನಿರ್ಮಾಪಕ ತಾನಾಗಿ ಮಾಡುವ ಬದಲಾವಣೆಯನ್ನು ಯಾವ ಪತ್ರಿಕೆಯೂ ತಡೆಯಲಾರದು. 1997ರ ಅಕ್ಟೋಬರ್ 12ರಂದು ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ತಾವು ಆಗತಾನೆ ಕೊಂಡಿದ್ದ ಲಾಂಗ್-ಈಝಿಯೊಡನೆ ಸಮುದ್ರಕ್ಕೆ ಬಿದ್ದು ಮೃತರಾದರು. ಎಡಬಲದ ತೊಟ್ಟಿಗಳಲ್ಲಿ ಯಾವುದರಿಂದ ಇಂಧನ ಹರಿಯಬೇಕೆಂದು ನಿರ್ಧರಿಸುವ ಕವಾಟದ ಹಿಡಿಯು ನಕ್ಷೆಯ ಪ್ರಕಾರ ಚಾಲಕನ ಮುಂದೆ, ಕಾಲುಗಳ ನಡುವೆ ಇರಬೇಕು. ಆ ವಿಮಾನವನ್ನು ಮೂಲತಃ ಕಟ್ಟಿದಾತ ಚಾಲಕನ ಕೋಣೆಯೊಳಗೆ ಇಂಧನದ ಕೊಳವೆ ಬೇಡವೆಂದು ಅದನ್ನು ಎಡಭುಜದ ಹಿಂದಕ್ಕೆ ಸರಿಸಿದ್ದರು. ಉದ್ದೇಶ ಸುರಕ್ಷತೆಯದೇ. ಆದರೆ ಹಿಡಿಯನ್ನು ತಿರುಗಿಸಬೇಕಾದರೆ ಚಾಲಕ ಬಲಗೈಯ ನಿಯಂತ್ರಣ ದಂಡವನ್ನು ಬಿಟ್ಟು ಮೈ ಹೊರಳಿಸಬೇಕಿತ್ತು; ಹೊರಳುವಾಗ ಬಲಗಾಲು ರಡ್ಡರಿನ ಪೆಡಲನ್ನು ಒತ್ತುವ ಸಂಭವವಿತ್ತು. ಇಂಧನದ ಮಟ್ಟ ತೋರುವ ಕೊಳವೆಗಳ ಮೇಲೆ ಗುರುತುಗಳೂ ಇರಲಿಲ್ಲ. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಕವಾಟದ ಯತ್ನದಲ್ಲಿ ಗಮನ ಹರಿದು ನಿಯಂತ್ರಣ ತಪ್ಪಿದ್ದನ್ನೂ ಹಾರುವ ಮುನ್ನ ಇಂಧನ ತುಂಬಿಸದಿದ್ದುದನ್ನೂ ಕಾರಣಗಳೆಂದು ನಿರ್ಣಯಿಸಿ, ಹಿಡಿಯ ಸ್ಥಾನ, ಗುರುತಿಲ್ಲದ ಮಾಪಕಗಳು ಹಾಗೂ ಆ ಬಗೆಯ ವಿಮಾನದಲ್ಲಿ ಚಾಲಕನಿಗಿದ್ದ ತರಬೇತಿ-ಅನುಭವಗಳ ಕೊರತೆಯನ್ನು ಪೂರಕ ಕಾರಣಗಳಾಗಿ ಸೇರಿಸಿತು. ಕಟ್ಟಿದವನೇ ಹಾರಿಸುವನೆಂಬ ಊಹೆಯ ಮೇಲೆ ನಿಂತ ವ್ಯವಸ್ಥೆ, ವಿಮಾನ ಕೈಬದಲಾದಾಗ ಎಲ್ಲಿ ದುರ್ಬಲವಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ವಿರಳ.

ರುಟಾನ್ ಅವರ ಸಂಸ್ಥೆ ಇದಕ್ಕೆ ಬಹಳ ಮೊದಲೇ, 1985ರಲ್ಲಿ, ನಕ್ಷೆಗಳ ಮಾರಾಟವನ್ನು ನಿಲ್ಲಿಸಿತ್ತು. ಹೊಣೆಗಾರಿಕೆಯ ದಾವೆಗಳ ಭೀತಿ ಆಗ ಅಮೆರಿಕದ ಲಘುವಿಮಾನ ಉದ್ಯಮವನ್ನೇ ಆವರಿಸಿತ್ತು. ಸೆಸ್ನಾ ಕಂಪನಿಯೂ 1986ರಲ್ಲಿ ತನ್ನ ಸಣ್ಣ ಪಿಸ್ಟನ್ ವಿಮಾನಗಳ ತಯಾರಿಕೆಯನ್ನು ಕೈಬಿಟ್ಟಿತು. ತೆರವಾದ ಸ್ಥಳಕ್ಕೆ ಕಿಟ್ ತಯಾರಕರು ಬಂದರು. ಇವರಲ್ಲಿ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಅವರ ಅಲ್ಯುಮಿನಿಯಂ 'ಆರ್‌ವಿ' ಮಾಲಿಕೆ ಅಗ್ರಗಣ್ಯವಾಗಿ, ಹತ್ತು ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಆ ಸಂಸ್ಥೆಯೂ ಲೇಸರಿನಿಂದ ಕತ್ತರಿಸಿದ ಭಾಗಗಳ ರಂಧ್ರಗಳಲ್ಲಿ ಬಿರುಕು ಕಂಡು, 2023ರ ಡಿಸೆಂಬರಿನಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೋರಬೇಕಾಯಿತು, ಮರುವರ್ಷ ಚೇತರಿಸಿಕೊಂಡಿತು.

ಬೆಂಗಳೂರಿನ ಪ್ರಸಂಗವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ರೊದ್ದಂ ನರಸಿಂಹ ಅವರು 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. ಲಘು ಕನಾರ್ಡ್ ಸಂಶೋಧನಾ ವಿಮಾನವೆಂಬ ಹೆಸರಿನಲ್ಲಿ ಲಾಂಗ್-ಈಝಿ ಅಲ್ಲಿ ನಿರ್ಮಾಣಗೊಂಡು, 1980ರ ದಶಕದ ಉತ್ತರಾರ್ಧದಲ್ಲಿ ಹಾರಿತು. ಪ್ರಯೋಗಾಲಯಕ್ಕೆ ಬೇಕಾಗಿದ್ದುದು ಮಾರಾಟದ ಸರಕಲ್ಲ. ಗಾಜುನಾರು ಮತ್ತು ರಾಳಗಳಿಂದ ಇಡೀ ವಿಮಾನವನ್ನು ಕಟ್ಟಿ ಹಾರಿಸುವ ಅಭ್ಯಾಸ. ಅಚ್ಚಿಲ್ಲದೆ, ಕಡಿಮೆ ಬಂಡವಾಳದಲ್ಲಿ ಆ ಅಭ್ಯಾಸವನ್ನು ಒದಗಿಸಬಲ್ಲ, ಮೇಲಾಗಿ ನೂರಾರು ನಿರ್ಮಾಪಕರ ಕೈಯಲ್ಲಿ ಪರೀಕ್ಷೆಗೊಳಗಾಗಿ ತಿದ್ದುಪಡಿಗೊಂಡ ಬೇರೆ ನಕ್ಷೆ ಆಗ ದೊರೆಯುವುದು ಕಷ್ಟವಿತ್ತು. ಇದೇ ಪ್ರಯೋಗಾಲಯ ಮುಂದೆ ರೂಪಿಸಿದ ಎರಡು ಆಸನಗಳ 'ಹಂಸ' ತರಬೇತಿ ವಿಮಾನದ ಒಡಲೂ ಸಂಯುಕ್ತ ವಸ್ತುವಿನದೇ. ಆದರೆ ಅದು ಕನಾರ್ಡ್ ಇಲ್ಲದ ಸಾಂಪ್ರದಾಯಿಕ ಆಕೃತಿ. ಹಂಸ-3ಕ್ಕೆ 2000ದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಮಾಣಪತ್ರ ದೊರೆಯಿತು. ಮನೆಯ ನಿರ್ಮಾಪಕನಿಗೆ ಬೇಡವಾಗಿದ್ದ ಪ್ರಮಾಣೀಕರಣವೇ ಸರಕಾರಿ ವಿಮಾನದ ಬಹುಪಾಲು ದುಡಿಮೆಯಾಯಿತು.

ಇದೇ ನಗರದಲ್ಲಿ ಇನ್ನೊಂದು ಎಳೆಯೂ ಇದೆ. ಫ್ರಾನ್ಸ್ ಮೂಲದ ಜೊಯೆಲ್ ಕೊಷ್ಲಾಂ 1980ರಲ್ಲಿ ಸ್ಥಾಪಿಸಿದ ರಾಜ್ ಹಂಸ ಅಲ್ಟ್ರಾಲೈಟ್ಸ್ ಸಂಸ್ಥೆ ಅಲ್ಯುಮಿನಿಯಂ ಕೊಳವೆಗಳಿಗೆ ಬಟ್ಟೆ ಹೊದಿಸಿದ 'ಎಕ್ಸ್-ಏರ್' ಎಂಬ ವಿಮಾನವನ್ನು ಕಿಟ್ ರೂಪದಲ್ಲಿ ರಫ್ತು ಮಾಡಿತು. ಬೆಂಗಳೂರಿನಲ್ಲಿ ತಯಾರಾದ ಕೊಳವೆ ಮತ್ತು ಹೊದಿಕೆಗಳ ಪೆಟ್ಟಿಗೆಗಳನ್ನು ಬ್ರಿಟನ್ ಮತ್ತು ಫ್ರಾನ್ಸ್‌ಗಳ ಹವ್ಯಾಸಿಗಳು ತಮ್ಮ ಊರಿನಲ್ಲಿ ತೆರೆದು ಜೋಡಿಸಿ ಹಾರಿದರು.