ದಿಲ್ಲಿಯಲ್ಲಿ ಇಂಟರ್ನ್‌ಶಿಪ್, ಫೆಲೋಶಿಪ್: ಯಾರಿಗೆ ಸಿಗ್ತದ, ಎಷ್ಟು ಸಿಗ್ತದ? ನಮ್ಮ ತಾಲೂಕಿನ ಪಾಲಕರಿಗೆ ಪೂರ್ಣ ಮಾಹಿತಿ

ಹಾವೇರಿ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಕಾಲೇಜುಗಳಲ್ಲಿ ಬಿಎ, ಬಿಕಾಂ, ಬಿಎಸ್ಸಿ ಓದೋ ಮಕ್ಕಳ ಮೊಬೈಲಿಗೆ ಈಗ ‘ದಿಲ್ಲಿಯಲ್ಲಿ ಇಂಟರ್ನ್‌ಶಿಪ್’ ಎಂಬ ಸಂದೇಶ ಮೇಲಿಂದ ಮೇಲೆ ಬರುತ್ತಿವೆ. ಅಂಗಡಿ ನಡೆಸೋ ತಂದೆಗೆ ಬರೋ ಪ್ರಶ್ನೆ ಒಂದೇ: ‘ಇದು ಖರೇನ ಐತೇನು, ರೊಕ್ಕ ಕೊಡ್ತಾರೋ, ನಾವs ಕೊಡಬೇಕೋ?’ ಉತ್ತರ ಯೋಜನೆಯಿಂದ ಯೋಜನೆಗೆ ಬೇರೆ. ಮುಖ್ಯವಾದ ನಾಲ್ಕರ ವಿವರ ಇಲ್ಲಿದೆ.

ಎರಡಕ್ಕೂ ಏನು ವ್ಯತ್ಯಾಸ?

ಇಂಟರ್ನ್‌ಶಿಪ್ ಅಂದರೆ ಕೆಲಸ ಕಲಿಯೋ ಅವಧಿ. ಸಾಮಾನ್ಯವಾಗಿ ಒಂದರಿಂದ ಆರು ತಿಂಗಳು, ಓದುತ್ತಿರುವಾಗಲೇ ಮಾಡಬಹುದು. ಕೆಲವು ಕಡೆ ಭತ್ಯೆ ಉಂಟು, ಕೆಲವು ಕಡೆ ಬರೀ ಪ್ರಮಾಣಪತ್ರ. ಫೆಲೋಶಿಪ್‌ಗೆ ಹೆಚ್ಚಾಗಿ ಪದವಿ ಮುಗಿದಿರಬೇಕು. ಪೂರ್ಣಾವಧಿ ಕೆಲಸ, ತಿಂಗಳಾ ಹಣ. ಎರಡೂ ಕಾಯಂ ನೌಕರಿ ಅಲ್ಲ. ಅವಧಿ ಮುಗಿದ ಮೇಲೆ ಸರ್ಕಾರಿ ಕೆಲಸ ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು.

1. ನೀತಿ ಆಯೋಗ

ಪ್ರತಿ ತಿಂಗಳು 1ರಿಂದ 10ನೇ ತಾರೀಖಿನವರೆಗೆ ಆನ್‌ಲೈನ್ ಅರ್ಜಿ. ಅವಧಿ ಕನಿಷ್ಠ 6 ವಾರ, ಗರಿಷ್ಠ 6 ತಿಂಗಳು. ಪದವಿ ವಿದ್ಯಾರ್ಥಿ ಎರಡನೇ ವರ್ಷ (4ನೇ ಸೆಮಿಸ್ಟರ್) ಮುಗಿಸಿರಬೇಕು, ಪಿಯುಸಿಯಲ್ಲಿ ಶೇ. 85ಕ್ಕೆ ಕಡಿಮೆ ಇರಬಾರದು. ಸ್ನಾತಕೋತ್ತರ ವಿದ್ಯಾರ್ಥಿಗೆ ಪದವಿಯಲ್ಲಿ ಶೇ. 70 ಬೇಕು. ಇಲ್ಲಿ ಭತ್ಯೆ ಇಲ್ಲ, ಲ್ಯಾಪ್‌ಟಾಪ್ ಕೂಡ ನಮ್ಮದೇ. ಅಂದರೆ ಬಾಡಿಗೆ, ಊಟ, ಓಡಾಟ ಎಲ್ಲಾ ಮನೆಯಿಂದಲೇ ಹೋಗಬೇಕು.

2. ವಿದೇಶಾಂಗ ಸಚಿವಾಲಯ

ವರ್ಷಕ್ಕೆ ಎರಡು ಅವಧಿ. ತಿಂಗಳಿಗೆ 10,000 ರೂ. ಭತ್ಯೆ ಇದ್ದು, ಊರಿಂದ ದಿಲ್ಲಿಗೆ ಹೋಗಿಬರುವ ವಿಮಾನದ ಎಕಾನಮಿ ದರ್ಜೆಯ ಖರ್ಚೂ ಸಿಗುತ್ತದೆ. ವಸತಿ ಅಭ್ಯರ್ಥಿಯೇ ನೋಡಿಕೊಳ್ಳಬೇಕು. ವಯಸ್ಸು 25 ಮೀರಿರಬಾರದು. ಮಹತ್ವಾಕಾಂಕ್ಷಿ ಜಿಲ್ಲೆಗಳ ಅಭ್ಯರ್ಥಿಗಳಿಗೆ ಆದ್ಯತೆ ಇದೆ. ಕರ್ನಾಟಕದಿಂದ ಆ ಪಟ್ಟಿಯಲ್ಲಿರೋದು ರಾಯಚೂರು, ಯಾದಗಿರಿ. ಹಾವೇರಿ ಅದರಲ್ಲಿಲ್ಲ, ಹಾಗಾಗಿ ನಮ್ಮವರು ಅಂಕಗಳ ಮೇಲೆಯೇ ಪೈಪೋಟಿ ಮಾಡಬೇಕಾಗ್ತದೆ.

3. ಲ್ಯಾಂಪ್ ಫೆಲೋಶಿಪ್

ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆ 2010ರಿಂದ ನಡೆಸುತ್ತಿದೆ. ಆಯ್ಕೆಯಾದವರು ಸಂಸತ್ತಿನ ಮುಂಗಾರು ಅಧಿವೇಶನದಿಂದ ಬಜೆಟ್ ಅಧಿವೇಶನದವರೆಗೆ ಒಬ್ಬ ಸಂಸದರ ಜೊತೆ ಕೆಲಸ ಮಾಡ್ತಾರೆ. ಪ್ರಶ್ನೆ ಸಿದ್ಧಪಡಿಸೋದು, ಮಸೂದೆ ಓದಿ ಟಿಪ್ಪಣಿ ಬರೆಯೋದು, ಭಾಷಣಕ್ಕೆ ಅಂಕಿಅಂಶ ಹುಡುಕೋದು ಇವರ ಕೆಲಸ. ಯಾವುದೇ ವಿಷಯದ ಪದವಿ ಸಾಕು, ವಯಸ್ಸು 25ರೊಳಗೆ. ತಿಂಗಳಿಗೆ 20,000 ರೂ.ಗೆ ಕಡಿಮೆ ಇಲ್ಲದ ಹಣ ಸಿಗುತ್ತದೆ. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆಯೋದು ಬರಲೇಬೇಕು, ನಮ್ಮ ಕಡೆಯ ಮಕ್ಕಳು ಹಿಂದೆ ಬೀಳೋದು ಹೆಚ್ಚಾಗಿ ಇಲ್ಲೇ. ಮೊದಲ ವರ್ಷದಿಂದಲೇ ದಿನಕ್ಕೊಂದು ಪುಟ ಬರೆದು ಉಪನ್ಯಾಸಕರಿಗೆ ತೋರಿಸೋ ರೂಢಿ ಇಟ್ಟುಕೊಂಡರೆ ಒಳ್ಳೇದು.

4. ಪ್ರಧಾನಮಂತ್ರಿ ಇಂಟರ್ನ್‌ಶಿಪ್

2024ರ ಜುಲೈ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 3ರಂದು ಪ್ರಾಯೋಗಿಕವಾಗಿ ಶುರುವಾಯ್ತು. ಕೆಲಸ ಸರ್ಕಾರಿ ಕಚೇರಿಯಲ್ಲಲ್ಲ, ದೇಶದ ದೊಡ್ಡ ಕಂಪನಿಗಳಲ್ಲಿ. ದಿಲ್ಲಿಯೇ ಆಗಬೇಕೆಂದಿಲ್ಲ, ಹತ್ತಿರದ ಊರಲ್ಲಿ ಜಾಗ ಇದ್ದರೆ ಅದನ್ನೇ ಆರಿಸಬಹುದು. ಪ್ರಾಯೋಗಿಕ ಹಂತದ ನಿಯಮದಂತೆ ವಯಸ್ಸು 21ರಿಂದ 24, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ. ಮೀರಿರಬಾರದು, ಮನೆಯಲ್ಲಿ ಯಾರೂ ಕಾಯಂ ಸರ್ಕಾರಿ ನೌಕರಿಯಲ್ಲಿ ಇರಬಾರದು. ಎಸ್ಸೆಸ್ಸೆಲ್ಸಿ, ಪಿಯುಸಿ, ಐಟಿಐ, ಡಿಪ್ಲೊಮಾ, ಪದವಿ ಆದವರು ಅರ್ಹರು. ರೆಗ್ಯುಲರ್ ಕಾಲೇಜಿನಲ್ಲಿ ಓದುತ್ತಿರುವವರಿಗೆ ಇಲ್ಲ. 12 ತಿಂಗಳು, ತಿಂಗಳಿಗೆ 5,000 ರೂ., ಜೊತೆಗೆ ಒಂದು ಸಲ 6,000 ರೂ. ಒಟ್ಟು 66,000 ರೂ. ಪ್ರತಿ ಸುತ್ತಿನಲ್ಲೂ ನಿಯಮ ಬದಲಾಗಬಹುದು, ಅರ್ಜಿ ಹಾಕೋ ಮುಂಚೆ ಪೋರ್ಟಲ್ ನೋಡಿ.

ಮೊದಲು ಲೆಕ್ಕ ಹಾಕಿ

ದಿಲ್ಲಿಯಲ್ಲಿ ತಿಂಗಳಿಗೆ 5,000 ರೂ.ಯಲ್ಲಿ ಬಾಡಿಗೆ, ಊಟ ಎರಡೂ ನಡೆಯೋದು ಕಷ್ಟ. ಭತ್ಯೆ ತಿಂಗಳು ಕಳೆದ ಮೇಲೆ ಬರುವುದರಿಂದ ಮೊದಲ ಎರಡು ತಿಂಗಳ ಖರ್ಚು, ರೂಮಿನ ಅಡ್ವಾನ್ಸ್ ಕೈಯಲ್ಲಿ ಇರಲೇಬೇಕು. ವಿಮಾನದ ಖರ್ಚು ಸಿಗದ ಕಡೆ ರೈಲೇ ಅಗ್ಗ: ಹುಬ್ಬಳ್ಳಿ ಮೂಲಕ ಹೋಗೋ ಕರ್ನಾಟಕ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ನಿಜಾಮುದ್ದೀನ್ ನಿಲ್ದಾಣ ಮುಟ್ಟಿಸ್ತದೆ. ಡಿಸೆಂಬರ್, ಜನವರಿಯ ಚಳಿ ನಮ್ಮ ಕಡೆಯ ಚಳಿಯಂಥದ್ದಲ್ಲ, ಸ್ವೆಟರ್, ರಗ್ಗಿನ ಖರ್ಚೂ ಲೆಕ್ಕದಲ್ಲಿರಲಿ. ಆರ್.ಕೆ. ಪುರಂ ಭಾಗದಲ್ಲಿ ದೆಹಲಿ ಕರ್ನಾಟಕ ಸಂಘ ಇದೆ. ಹೊಸದಾಗಿ ಹೋದವರಿಗೆ ಕನ್ನಡದವರ ಪರಿಚಯ ಆಗೋ ಜಾಗ.

ಕಾಗದಪತ್ರ

* ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ. ಹಾವೇರಿ ವಿಶ್ವವಿದ್ಯಾಲಯ ಆಗೋ ಮುಂಚೆ ಸೇರಿದವರ ಪದವಿ ದಾಖಲೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನೇ ಕೇಳಬೇಕು.
* ಓದುತ್ತಿರುವವರಿಗೆ ಪ್ರಾಚಾರ್ಯರ ಎನ್‌ಒಸಿ. ಕೊನೇ ದಿನಕ್ಕೆ ಓಡಾಡೋದು ಬೇಡ, ವಾರ ಮೊದಲೇ ಕೇಳಿ.
* ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರು ಒಂದೇ ರೀತಿ ಇರಬೇಕು. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಡ್ಡಹೆಸರು ಇದ್ದರೆ ಮೊದಲೇ ಸರಿಮಾಡಿಸಿ.
* ಭತ್ಯೆ ಜಮಾ ಆಗಲು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ.

ಮೋಸ ಹೋಗಬೇಡಿ

ಮೇಲಿನ ಯಾವುದಕ್ಕೂ ‘ಸೀಟು ಕಾಯ್ದಿರಿಸಲು’ ಹಣ ಕಟ್ಟೋ ಪದ್ಧತಿ ಇಲ್ಲ. ‘ಸೆಕ್ಯುರಿಟಿ ಡಿಪಾಸಿಟ್ ಹಾಕ್ರಿ, ಆಫರ್ ಲೆಟರ್ ಕಳಸ್ತೀವಿ’ ಅಂತ ಫೋನ್ ಬಂದರೆ ಕಟ್ ಮಾಡಿ. ಸರ್ಕಾರಿ ವೆಬ್‌ಸೈಟಿನ ವಿಳಾಸ ‘ಜಿಒವಿ ಡಾಟ್ ಇನ್’ ಅಥವಾ ‘ಎನ್‌ಐಸಿ ಡಾಟ್ ಇನ್’ ಎಂದೇ ಕೊನೆಯಾಗುತ್ತದೆ. ಓಟಿಪಿ ಯಾರಿಗೂ ಹೇಳಬೇಡಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಹತ್ತಿರದ ಪೊಲೀಸ್ ಠಾಣೆಗೂ ದೂರು ಕೊಡಿ.

ಪಿಯುಸಿಯಲ್ಲಿ ಶೇ. 85 ಇಲ್ಲದವರಿಗೆ ನೀತಿ ಆಯೋಗದ ಬಾಗಿಲು ಪದವಿ ಹಂತದಲ್ಲಿ ತೆರೆಯೋದಿಲ್ಲ. ಆದರೆ ಲ್ಯಾಂಪ್‌ಗೆ ಅಂಥ ಅಂಕದ ಮಿತಿ ಇಲ್ಲ, ಪ್ರಧಾನಮಂತ್ರಿ ಇಂಟರ್ನ್‌ಶಿಪ್‌ಗೆ ಎಸ್ಸೆಸ್ಸೆಲ್ಸಿ ಸಾಕು. ಮಗಳೋ ಮಗನೋ ಯಾವುದಕ್ಕೆ ಅರ್ಹರು ಅಂತ ಮನೆಯಲ್ಲಿ ಕೂತು ನೋಡಿ, ಆಮೇಲೆ ಅರ್ಜಿ ಹಾಕಿ.