ಲೆಮ್ಮಿಂಗ್‌ಗಳು ಹಾರಲಿಲ್ಲ, ತಳ್ಳಿದ್ದು

ಶೇರು ಮಾರ್ಕೆಟ್ ಬಿದ್ದಾಗಲೆಲ್ಲ ಆಫೀಸಲ್ಲಿ ಯಾರಾದ್ರೂ ಒಬ್ಬರು, 'ಜನ ಲೆಮ್ಮಿಂಗ್‌ಗಳ ಥರ ಹಾರ್ತಿದಾರೆ' ಅಂತಾರೆ. ನಾನೂ ಅಂದಿದ್ದೇನೆ. ಧ್ರುವಪ್ರದೇಶದ ಇಲಿಯಂಥ ಈ ಪ್ರಾಣಿಗಳು ಗುಂಪಾಗಿ ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಎಂಬ ಹಳೇ ಕಟ್ಟುಕಥೆಗೆ 'ಸಾಕ್ಷಿ' ಒದಗಿಸಿದ್ದು ಡಿಸ್ನಿಯ 'ಟ್ರೂ ಲೈಫ್ ಅಡ್ವೆಂಚರ್ಸ್' ಸರಣಿಯ 'ವೈಟ್ ವೈಲ್ಡರ್‌ನೆಸ್' (1958). ಅದಕ್ಕೆ ಸಾಕ್ಷ್ಯಚಿತ್ರದ ಆಸ್ಕರ್ ಬೇರೆ ಬಂತು!

1982ರಲ್ಲಿ ಕೆನಡಾದ ಸಿಬಿಸಿ ವಾಹಿನಿ ತೆರೆಮರೆಯ ಕಥೆ ಬಯಲು ಮಾಡಿತು. ಶೂಟಿಂಗ್ ನಡೆದದ್ದು ಸಮುದ್ರವೇ ಇಲ್ಲದ ಆಲ್ಬರ್ಟಾದಲ್ಲಿ. ಮ್ಯಾನಿಟೋಬಾದಿಂದ ಕೊಂಡು ತಂದ ಲೆಮ್ಮಿಂಗ್‌ಗಳನ್ನು ತಿರುಗುವ ಹಲಗೆಯ ಮೇಲೆ ಓಡಿಸಿ, ದೊಡ್ಡ ಹಿಂಡಿನಂತೆ ತೋರಿಸಿ, ಕೊನೆಗೆ ನದಿಗೆ ತಳ್ಳಿದ್ದರು. ತೆರೆಯ ಮೇಲೆ ಆ ನದಿಯೇ ಸಮುದ್ರ.

ನಿಜದಲ್ಲಿ ಸಂಖ್ಯೆ ಹೆಚ್ಚಾದಾಗ ಅವು ಬೇರೆ ಜಾಗ ಹುಡುಕಿ ಹೊರಡುತ್ತವೆ. ನೀರು ದಾಟುವಾಗ ಕೆಲವು ಮುಳುಗುತ್ತವೆ, ಅಷ್ಟೆ. ತಳ್ಳಿದವರನ್ನು ಬಿಟ್ಟು ಬಿದ್ದವರನ್ನೇ ದಡ್ಡರೆನ್ನುವ ಆ ಮಾತನ್ನು ನಾನಂತೂ ಬಿಟ್ಟಿದ್ದೇನೆ.