ಬ್ರ್ಯಾಂಡ್ ಕೊಲ್ಯಾಬ್: ಸಣ್ಣ ಇನ್‌ಫ್ಲುಯೆನ್ಸರ್‌ಗಳ ಸಂಪಾದನೆಯ ಚರಿತ್ರೆ

ಸಾಮಾಜಿಕ ಮಾಧ್ಯಮದಲ್ಲಿ ಒಂದಿಷ್ಟು ಫಾಲೋವರ್‌ಗಳನ್ನು ಗಳಿಸಿದ ವ್ಯಕ್ತಿಯೊಬ್ಬರು ಹಣ, ಉಡುಗೊರೆ ಇಲ್ಲವೇ ಕಮಿಷನ್ ಪಡೆದು ಕಂಪನಿಯೊಂದರ ಸರಕನ್ನೋ ಸೇವೆಯನ್ನೋ ತಮ್ಮ ಪುಟದಲ್ಲಿ ಪರಿಚಯಿಸುವ ವ್ಯವಹಾರಕ್ಕೆ ಬ್ರ್ಯಾಂಡ್ ಕೊಲ್ಯಾಬ್ ಎಂದು ಹೆಸರು. ಉದ್ಯಮದ ರೂಢಿಯಲ್ಲಿ ಸಾವಿರದಿಂದ ಹತ್ತು ಸಾವಿರ ಫಾಲೋವರ್‌ಗಳಿರುವವರು ನ್ಯಾನೊ, ಅಲ್ಲಿಂದ ಲಕ್ಷದವರೆಗಿನವರು ಮೈಕ್ರೊ. ಈ ಗೆರೆಗಳು ಏಜೆನ್ಸಿಯಿಂದ ಏಜೆನ್ಸಿಗೆ ಸರಿಯುತ್ತವೆ. ಸಿನಿಮಾ ತಾರೆ ಸೋಪು ಹಿಡಿದು ನಿಂತ ಚರಿತ್ರೆಗೂ ಇದಕ್ಕೂ ನಂಟು ಕಡಿಮೆ. ಊರಿಗೆಲ್ಲ ಗೊತ್ತಿರುವ ಮುಖಕ್ಕೆ ಬೆಲೆ ಕಟ್ಟುವುದು ಸುಲಭ. ಕೆಲವೇ ಸಾವಿರ ಜನ ನಂಬುವ ಮಾತಿಗೆ ಬೆಲೆ ಕಟ್ಟುವುದು ಹೇಗೆ? ಈ ವ್ಯವಹಾರದ ಎಲ್ಲ ತಿರುವುಗಳ ಹಿಂದೆಯೂ ಇದೇ ಪ್ರಶ್ನೆಯಿದೆ.

ಹಿನ್ನೆಲೆ

1940ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ವೇಳೆ ಸಮಾಜ ವಿಜ್ಞಾನಿ ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ಓಹಾಯೊ ರಾಜ್ಯದ ಈರಿ ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಮಾತಾಡಿಸಿದರು. ರೇಡಿಯೊ, ಪತ್ರಿಕೆಗಳು ಜನರ ಮನಸ್ಸನ್ನು ನೇರವಾಗಿ ತಿರುಗಿಸುತ್ತವೆ ಎಂಬ ಆಗಿನ ನಂಬಿಕೆಗೆ ಅವರಿಗೆ ಸಿಕ್ಕ ಆಧಾರ ಕಡಿಮೆ. ನೆರೆಯಲ್ಲೋ ಕೆಲಸದ ಜಾಗದಲ್ಲೋ ಇರುವ, ವಿಷಯ ಬಲ್ಲವರೆನಿಸಿಕೊಂಡವರ ಮಾತೇ ಹೆಚ್ಚು ನಡೆಯುತ್ತಿತ್ತು. 1955ರಲ್ಲಿ ಎಲಿಹು ಕಾಟ್ಜ್ ಜೊತೆ ಬರೆದ ಪುಸ್ತಕದಲ್ಲಿ ಲಾಜರ್ಸ್‌ಫೆಲ್ಡ್ ಈ ವಿಚಾರವನ್ನು ಕೊಳ್ಳುವಿಕೆಗೂ ಫ್ಯಾಷನ್‌ಗೂ ವಿಸ್ತರಿಸಿದರು.

ಅಷ್ಟರಲ್ಲಿ ವ್ಯಾಪಾರಿಗಳು ಅದನ್ನು ಪುಸ್ತಕವಿಲ್ಲದೆಯೇ ಕಲಿತಿದ್ದರು. ಅಂಗಡಿಗಳಲ್ಲಿ ಸರಿಯಾಗಿ ಮಾರಾಟವಾಗದ ಟಪ್ಪರ್‌ವೇರ್ ಡಬ್ಬಿಗಳನ್ನು ಬ್ರೌನಿ ವೈಸ್ ಎಂಬಾಕೆ ಗೃಹಿಣಿಯರ ಮನೆಕೂಟಗಳಲ್ಲಿ ಮಾರಿ ತೋರಿಸಿದರು. 1951ರಲ್ಲಿ ಕಂಪನಿ ಅಂಗಡಿ ಮಾರಾಟವನ್ನೇ ಕೈಬಿಟ್ಟು ಆಕೆಯನ್ನು ಉಪಾಧ್ಯಕ್ಷೆಯಾಗಿ ನೇಮಿಸಿತು. ನೆರೆಮನೆಯಾಕೆಯ ಪರಿಚಯವೇ ಅಲ್ಲಿ ಬಂಡವಾಳ, ಕಮಿಷನ್ನೇ ಸಂಬಳ. ಮಾರಾಟವಾದಾಗ ಕಮಿಷನ್ ತರುವ ಇಂದಿನ ಅಫಿಲಿಯೇಟ್ ಲಿಂಕಿನ ನಿಜವಾದ ಅಜ್ಜಿ ಈ ಮನೆಕೂಟವೇ. ಒಂದೇ ವ್ಯತ್ಯಾಸ: ಅಲ್ಲಿ ಬಂದವರೆಲ್ಲರಿಗೂ ಇದು ವ್ಯಾಪಾರವೆಂದು ಗೊತ್ತಿತ್ತು.

ಬ್ಲಾಗಿಗೆ ಬಂದ ಹಣ

ಗೊತ್ತಿಲ್ಲದಂತೆ ಮಾರುವ ಕಾಲ ಬ್ಲಾಗ್‌ಗಳೊಂದಿಗೆ ಬಂತು. 2006ರಲ್ಲಿ ಫ್ಲಾರಿಡಾದ ಟೆಡ್ ಮರ್ಫಿ ‘ಪೇಪರ್‌ಪೋಸ್ಟ್’ ಎಂಬ ತಾಣ ತೆರೆದರು. ಕಂಪನಿಗಳು ಅಲ್ಲಿ ಬೇಡಿಕೆ ಹಾಕುತ್ತಿದ್ದವು, ಓದುಗರು ಕೆಲವೇ ನೂರಿದ್ದ ಬ್ಲಾಗರ್ ಕೂಡ ಒಂದು ಬರಹ ಬರೆದು ಡಾಲರುಗಳನ್ನು ಎಣಿಸಿಕೊಳ್ಳಬಹುದಿತ್ತು. ಹಣ ಪಡೆದದ್ದನ್ನು ಹೇಳಲೇಬೇಕೆಂಬ ನಿಯಮ ಆರಂಭದಲ್ಲಿ ಇರಲಿಲ್ಲ. ತಂತ್ರಜ್ಞಾನ ಪತ್ರಕರ್ತರು ಇದನ್ನು ಕಟುವಾಗಿ ಟೀಕಿಸಿದರು. ಆದರೆ ಸಣ್ಣವರ ಮಾತಿಗೂ ದರಪಟ್ಟಿ ಸಾಧ್ಯವೆಂದು ಮೊದಲು ತೋರಿಸಿದವರಲ್ಲಿ ಮರ್ಫಿ ಒಬ್ಬರು ಎಂಬುದನ್ನು ಒಪ್ಪಬೇಕು. ಅವರ ಕಂಪನಿ ಮುಂದೆ ‘ಐಜಿಯಾ’ ಎಂಬ ಹೆಸರಿನಲ್ಲಿ ಬೆಳೆಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1980ರ ತನ್ನ ಜಾಹೀರಾತು ಮಾರ್ಗಸೂಚಿಯನ್ನು 2009ರಲ್ಲಿ ಪರಿಷ್ಕರಿಸಿ, ಹಣವಾಗಲಿ ಪುಕ್ಕಟೆ ಸರಕಾಗಲಿ ಪಡೆದ ಬ್ಲಾಗರ್ ಅದನ್ನು ಬಹಿರಂಗಪಡಿಸಬೇಕೆಂದಿತು.

ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್

2010ರಲ್ಲಿ ಇನ್‌ಸ್ಟಾಗ್ರಾಂ ಬಂದ ಮೇಲೆ ಬರಹದ ಜಾಗವನ್ನು ಚಿತ್ರ ಹಿಡಿಯಿತು. 2013ರಲ್ಲಿ ಆರಂಭವಾದ ‘ಫೇಮ್‌ಬಿಟ್’ ಸಣ್ಣ ಯೂಟ್ಯೂಬರ್‌ಗಳನ್ನೂ ಕಂಪನಿಗಳನ್ನೂ ಒಂದೇ ಸಂತೆಗೆ ತಂದಿತು. 2016ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು.

ಗುಟ್ಟಿನ ಜಾಹೀರಾತು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಲಾರ್ಡ್ ಅಂಡ್ ಟೇಲರ್ ಪ್ರಕರಣ ಒಳ್ಳೆಯ ಸಾಕ್ಷಿ. 2015ರ ಮಾರ್ಚ್‌ನ ಒಂದು ವಾರಾಂತ್ಯದಲ್ಲಿ ಈ ಅಮೆರಿಕನ್ ಮಳಿಗೆ 50 ಫ್ಯಾಷನ್ ಇನ್‌ಫ್ಲುಯೆನ್ಸರ್‌ಗಳಿಗೆ ಒಂದೇ ವಿನ್ಯಾಸದ ಉಡುಪು ಕೊಟ್ಟು, ಜೊತೆಗೆ 1,000ದಿಂದ 4,000 ಡಾಲರ್‌ವರೆಗೆ ತೆತ್ತು ಚಿತ್ರ ಹಾಕಿಸಿತು. ಪೋಸ್ಟುಗಳನ್ನು ಮೊದಲೇ ತಿದ್ದಿ ಒಪ್ಪಿದ್ದು ಕಂಪನಿಯೇ. ದುಡ್ಡಿನ ವಿಷಯ ಮಾತ್ರ ಯಾವ ಪೋಸ್ಟಿನಲ್ಲೂ ಇರಲಿಲ್ಲ. ಉಡುಪು ಪೂರ್ತಿ ಖರ್ಚಾಯಿತು. ಮರುವರ್ಷ ಟ್ರೇಡ್ ಕಮಿಷನ್ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. 2017ರಲ್ಲಿ ಇನ್‌ಸ್ಟಾಗ್ರಾಂ ‘ಪೇಯ್ಡ್ ಪಾರ್ಟ್‌ನರ್‌ಶಿಪ್’ ಎಂಬ, ಹಣ ಪಡೆದ ಪೋಸ್ಟೆಂದು ತಿಳಿಸುವ ಪಟ್ಟಿಯನ್ನು ತಂದಿತು.

2018 ಸಣ್ಣವರ ಪಾಲಿಗೆ ತಿರುವಿನ ವರ್ಷ. ಆ ಜನವರಿಯಲ್ಲಿ ಯೂಟ್ಯೂಬ್ ತನ್ನ ಜಾಹೀರಾತು ಆದಾಯದ ಪಾಲು ಪಡೆಯಲು 1,000 ಚಂದಾದಾರರು ಮತ್ತು ಹಿಂದಿನ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕೆಂದು ಷರತ್ತು ಹಾಕಿತು. ಬಾಗಿಲ ಹೊರಗೆ ಉಳಿದವರಿಗೆ ಕಂಪನಿಗಳ ನೇರ ಹಣವೇ ದಾರಿಯಾಯಿತು. ಅದೇ ತಿಂಗಳು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ‘ಡೆವ್ಯುಮಿ’ ಎಂಬ ಕಂಪನಿ ನಕಲಿ ಫಾಲೋವರ್‌ಗಳನ್ನು ಮಾರುವುದನ್ನು ಬಯಲಿಗೆಳೆಯಿತು. ಜೂನ್‌ನಲ್ಲಿ ಯೂನಿಲಿವರ್‌ನ ಮಾರುಕಟ್ಟೆ ಮುಖ್ಯಸ್ಥ ಕೀತ್ ವೀಡ್, ಫಾಲೋವರ್‌ಗಳನ್ನು ಕೊಂಡವರೊಂದಿಗೆ ತಮ್ಮ ಕಂಪನಿ ಕೆಲಸ ಮಾಡುವುದಿಲ್ಲವೆಂದು ಘೋಷಿಸಿದರು. ಬರೀ ಸಂಖ್ಯೆಯ ಮೇಲಿನ ಭರವಸೆ ಕುಸಿದಾಗ, ಕಾಮೆಂಟಿಗೆ ಉತ್ತರಿಸುವ, ಪ್ರಶ್ನೆ ಕೇಳಿಸಿಕೊಳ್ಳುವ ಸಣ್ಣ ಪುಟಗಳಿಗೆ ಗಿರಾಕಿ ಹೆಚ್ಚಿತು. ದೊಡ್ಡವರ ಮೋಸ ಸಣ್ಣವರಿಗೆ ಅನ್ನ ಕೊಟ್ಟಿತೆಂದರೆ ತಪ್ಪಾಗದು.

ಭಾರತದಲ್ಲಿ

2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದದ್ದು ಭಾರತದ ಕಥೆಯ ಮೊದಲ ಅಧ್ಯಾಯ. ಎರಡನೆಯದು 2020ರ ಜೂನ್ 29: ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಹಳ್ಳಿ, ಪಟ್ಟಣಗಳಲ್ಲಿ ಲಕ್ಷ ಲಕ್ಷ ನೋಡುಗರನ್ನು ಗಳಿಸಿದ್ದವರು ರಾತ್ರೋರಾತ್ರಿ ಸೊನ್ನೆಗೆ ಇಳಿದರು. ಬೆಂಗಳೂರಿನ ಶೇರ್‌ಚಾಟ್ ಕಂಪನಿ ಕೆಲವೇ ದಿನಗಳಲ್ಲಿ ‘ಮೋಜ್’ ಬಿಡುಗಡೆ ಮಾಡಿತು, ಇನ್‌ಸ್ಟಾಗ್ರಾಂ ಜುಲೈನಲ್ಲೇ ರೀಲ್ಸ್ ತಂದಿತು. ಬೇರೆಯವರ ನೆಲದಲ್ಲಿ ಕಟ್ಟಿದ ಮನೆಯ ಪಾಡು ಏನೆಂದು ನೋಡುಗರನ್ನು ಕಳೆದುಕೊಂಡವರಿಗೆ ಆಗ ತಿಳಿಯಿತು.

ಕನ್ನಡದಲ್ಲಿ ಈ ವ್ಯವಹಾರ ಬಹುಪಾಲು ಬಾರ್ಟರ್‌ನಿಂದಲೇ ಶುರುವಾಗುತ್ತದೆ. ಹೊಸ ಹೋಟೆಲಿನವರು ಊಟ ಹಾಕಿಸುತ್ತಾರೆ, ಸೀರೆ ಅಂಗಡಿಯವರು ಒಂದು ಸೀರೆ ಕಳಿಸುತ್ತಾರೆ, ಬದಲಿಗೆ ಒಂದು ರೀಲ್, ಎರಡು ಸ್ಟೋರಿ. ಅಲ್ಲಿಂದ ಹಣಕ್ಕೆ ದಾಟಿದವರು ಸಾಮಾನ್ಯವಾಗಿ ಮೂರು ಸಂಗತಿ ಮಾಡಿರುತ್ತಾರೆ: ಒಂದೇ ವಿಷಯಕ್ಕೆ ಅಂಟಿಕೊಂಡಿರುತ್ತಾರೆ, ನೋಡುಗರ ಊರು–ವಯಸ್ಸು ತೋರಿಸುವ ಇನ್‌ಸೈಟ್ಸ್ ಸ್ಕ್ರೀನ್‌ಶಾಟ್‌ಗಳನ್ನು ತಮ್ಮನ್ನು ಪರಿಚಯಿಸುವ ಮೀಡಿಯಾ ಕಿಟ್ಟಿನಲ್ಲಿ ಸಿದ್ಧವಾಗಿಟ್ಟಿರುತ್ತಾರೆ, ಡಿಎಂ (ನೇರ ಸಂದೇಶ) ಬರಲೆಂದು ಕಾಯದೆ ತಾವೇ ಕಂಪನಿಗೆ ಬರೆದಿರುತ್ತಾರೆ. ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿಗೆ ಬೇಕಾದದ್ದು ದೇಶವೆಲ್ಲ ಹರಡಿದ ಐದು ಲಕ್ಷ ಕಣ್ಣಲ್ಲ, ದಾವಣಗೆರೆಯ ಎಂಟು ಸಾವಿರ ನಾಲಗೆ. ಊರು, ಭಾಷೆಗಳ ಈ ಬಲವನ್ನು ದೊಡ್ಡ ಸಂಸ್ಥೆಗಳು ಸದಾ ಗುರುತಿಸುವುದಿಲ್ಲ. 2025ರ ಮೇನಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಸರ್ಕಾರಿ ಕಂಪನಿ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿಯಾಗಿಸಿಕೊಂಡಾಗ ಎದ್ದ ಗದ್ದಲವೂ ಕನ್ನಡದ ಮುಖ ಯಾವುದೆಂಬುದರ ಸುತ್ತಲೇ ಇತ್ತು. ಆ ಮೊತ್ತ ಸಣ್ಣವರಿಗೆ ಹಂಚಿಹೋಗಿದ್ದರೆ ಎಷ್ಟು ರೀಲ್‌ ಆಗುತ್ತಿದ್ದವೆಂದು ಲೆಕ್ಕ ಹಾಕಿದವರೂ ಇರಬಹುದು.

ನಿಯಮ, ತೆರಿಗೆ

ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಸಂಸ್ಥೆ ‘ಆಸ್ಕಿ’ಯ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಗೆ ಬಂತು. 15 ಸೆಕೆಂಡಿನೊಳಗಿನ ವಿಡಿಯೊದಲ್ಲಿ ಜಾಹೀರಾತೆಂಬ ಪಟ್ಟಿ ಕನಿಷ್ಠ 3 ಸೆಕೆಂಡ್ ಕಾಣಬೇಕು. 2 ನಿಮಿಷದವರೆಗಿನದರಲ್ಲಿ ವಿಡಿಯೊದ ಮೂರನೇ ಒಂದು ಭಾಗದಷ್ಟು ಹೊತ್ತು. ಹ್ಯಾಷ್‌ಟ್ಯಾಗ್‌ಗಳ ರಾಶಿಯಲ್ಲಿ ಅದನ್ನು ಹೂತಿಡುವಂತಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿ 20ರಂದು ಹೊರಡಿಸಿದ ಸೂಚನೆಯ ಪ್ರಕಾರ ಪ್ರಚಾರ ಯಾವ ಭಾಷೆಯಲ್ಲಿದೆಯೋ ಬಹಿರಂಗ ಹೇಳಿಕೆಯೂ ಅದೇ ಭಾಷೆಯಲ್ಲಿರಬೇಕು. ಹೀಗಿದ್ದರೂ ಕನ್ನಡ ರೀಲಿನ ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ ಅಂಟಿಸಿ ಕೈತೊಳೆದುಕೊಳ್ಳುವವರು ಇದ್ದಾರೆ. ದಾರಿ ತಪ್ಪಿಸುವ ಪ್ರಚಾರಕ್ಕೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ಬಾರ್ಟರ್ ಕೂಡ ಲೆಕ್ಕಕ್ಕೆ ಸಿಕ್ಕಿತು. ಆದಾಯ ತೆರಿಗೆ ಕಾಯ್ದೆಯಲ್ಲಿ 2022ರ ಜುಲೈ 1ರಿಂದ ಜಾರಿಯಾದ 194ಆರ್ ಕಲಮಿನಡಿ, ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಉಡುಗೊರೆಯ ಮೌಲ್ಯದ ಮೇಲೆ ಶೇ 10ರಷ್ಟು ತೆರಿಗೆಯನ್ನು ಕಂಪನಿ ಮೂಲದಲ್ಲೇ ಕಡಿತ ಮಾಡಬೇಕಾಯಿತು. ಪ್ರಚಾರಕ್ಕೆಂದು ಕೊಟ್ಟ ಫೋನನ್ನು ಚಿತ್ರೀಕರಣ ಮುಗಿದ ಮೇಲೆ ವಾಪಸ್ ಕೊಟ್ಟರೆ ತೆರಿಗೆಯಿಲ್ಲ, ಇಟ್ಟುಕೊಂಡರೆ ಉಂಟು ಎಂದು ಇಲಾಖೆ ಸುತ್ತೋಲೆಯಲ್ಲಿ ಬಿಡಿಸಿ ಹೇಳಿತು. 2025ರ ರಿಟರ್ನ್ ನಮೂನೆಗಳಲ್ಲಿ ಈ ಕಸುಬಿಗೆ 16021 ಎಂಬ ಸ್ವಂತ ಸಂಕೇತವೂ ದೊರೆಯಿತು.

ಒಪ್ಪಂದದ ಸಿಕ್ಕುಗಳು

ದರಕ್ಕಿಂತ ಹೆಚ್ಚು ಜಗಳ ಹುಟ್ಟುವುದು ಷರತ್ತುಗಳಲ್ಲಿ. ಒಂದು ರೀಲಿಗೆಂದು ಕೊಟ್ಟ ಮುಖವನ್ನು ಕಂಪನಿ ತಿಂಗಳುಗಟ್ಟಲೆ ತನ್ನ ಜಾಹೀರಾತಿನಲ್ಲಿ ಓಡಿಸಬಹುದೇ? ಅದಕ್ಕೆ ಬೇರೆ ಹಣ ಕೇಳಬೇಕೆಂದು ಹೊಸಬರಿಗೆ ಹೊಳೆಯುವುದಿಲ್ಲ. ಎದುರಾಳಿ ಬ್ರ್ಯಾಂಡಿನ ಕೆಲಸ ಎಷ್ಟು ದಿನ ಒಪ್ಪಬಾರದು, ಎಷ್ಟು ಸಲ ತಿದ್ದಿ ಕೊಡಬೇಕು, ಹಣ ಎಂದು ಬರಬೇಕು ಎಂಬುದೆಲ್ಲ ಬರಹದಲ್ಲಿ ಇಲ್ಲದಿದ್ದರೆ ನಡುವಿನ ಏಜೆನ್ಸಿಯ ಮಾತೇ ಕಾನೂನು.

ಸಣ್ಣ ಪುಟಗಳಿಗೆ ಬೇಗ, ಚೌಕಾಸಿಯಿಲ್ಲದೆ ಹಣ ಕೊಡುತ್ತಿದ್ದವರಲ್ಲಿ ಬೆಟ್ಟಿಂಗ್ ಆ್ಯಪ್‌ಗಳವರೂ ಇದ್ದರು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇನ್‌ಫ್ಲುಯೆನ್ಸರ್‌ಗಳಿಗೆ ಇಂಥ ಪ್ರಚಾರದ ವಿರುದ್ಧ ಎಚ್ಚರಿಕೆ ನೀಡಿತು. 2025ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಆನ್‌ಲೈನ್ ಗೇಮಿಂಗ್ ಕಾಯ್ದೆಯಂತೆ ಹಣ ಹೂಡುವ ಆಟಗಳ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಫಾಲೋವರ್‌ಗಳು ಕಡಿಮೆ ಎಂಬ ಕಾರಣಕ್ಕೆ ಅದರಲ್ಲಿ ಯಾರಿಗೂ ವಿನಾಯಿತಿಯಿಲ್ಲ.